ಕಚೇರಿಗೆ ವರ್ಚುವಲ್ ಡೆಸ್ಕ್‌ಟಾಪ್: ಕಡಿಮೆ ಬಜೆಟ್ಟಿನ ಸರ್ವರ್ ಕೊಳ್ಳುವ ಮುನ್ನ ಪದೇ ಪದೇ ಕೇಳುವ ಪ್ರಶ್ನೆಗಳು

ಮಂಜೇಶ್ವರದಿಂದ ಹೊಸದುರ್ಗದವರೆಗಿನ ಹತ್ತರಿಂದ ಇಪ್ಪತ್ತೈದು ಮಂದಿಯ ಕಚೇರಿಗಳನ್ನು ಮನಸ್ಸಿನಲ್ಲಿಟ್ಟು ಇದನ್ನು ಬರೆಯಲಾಗಿದೆ: ಸೇವಾ ಸಹಕಾರಿ ಬ್ಯಾಂಕು, ತೆರಿಗೆ ಸಲಹೆಗಾರರ ಕಚೇರಿ, ಅಡಿಕೆ ವ್ಯಾಪಾರದ ಸಂಸ್ಥೆ, ಖಾಸಗಿ ಶಾಲೆ. ಪ್ರತಿ ಮೇಜಿಗೊಂದು ಪಿಸಿ ಇಡುವ ಬದಲು ಎಲ್ಲರ ಡೆಸ್ಕ್‌ಟಾಪನ್ನೂ ಒಂದು ಸರ್ವರಿನಲ್ಲಿ ನಡೆಸಬೇಕು, ಖರ್ಚು ಕೈಮೀರಬಾರದು ಎನ್ನುವವರಿಗೆ ಇದು.

ನಮ್ಮ ಕಚೇರಿಗೆ ವರ್ಚುವಲ್ ಡೆಸ್ಕ್‌ಟಾಪ್ ಬೇಕೇ? ಎಷ್ಟು ಜನರಿದ್ದರೆ ಲಾಭ?

ಎಂಟು ಜನರಿಗಿಂತ ಕಡಿಮೆ ಇದ್ದರೆ ಬೇಡ. ತಲಾ ಒಂದು ಮಿನಿ ಪಿಸಿ ಕೊಟ್ಟು, ಫೈಲುಗಳಿಗೆ ಒಂದು ನಾಸ್ (ಎಲ್ಲರೂ ಹಂಚಿಕೊಳ್ಳುವ ನೆಟ್‌ವರ್ಕ್ ಡಿಸ್ಕ್ ಪೆಟ್ಟಿಗೆ) ಇಟ್ಟುಬಿಡಿ. ಹತ್ತು ಹನ್ನೆರಡು ಮಂದಿ ದಾಟಿದ ಮೇಲೆ, ಅದರಲ್ಲೂ ಎಲ್ಲರೂ ಒಂದೇ ಬಗೆಯ ಕೆಲಸ ಮಾಡುವವರಾದರೆ (ಟ್ಯಾಲಿ, ಬ್ರೌಸರ್, ಎಕ್ಸೆಲ್, ಪತ್ರ ಟೈಪಿಂಗ್) ಅರ್ಥವಿದೆ.

ಕರೆಂಟಿನ ಬಿಲ್ಲು ಉಳಿಯುತ್ತದೆ ಎಂಬ ಒಂದೇ ಆಸೆಗೆ ಇದಕ್ಕೆ ಕೈಹಾಕಬೇಡಿ. ಲೆಕ್ಕ ನೋಡಿ. ಹದಿನೈದು ಹಳೆಯ ಪಿಸಿಗಳು, ಮಾನಿಟರ್ ಬಿಟ್ಟು ತಲಾ 80 ವ್ಯಾಟ್, ದಿನಕ್ಕೆ 9 ಗಂಟೆ, ತಿಂಗಳಿಗೆ 25 ದಿನ: 270 ಯೂನಿಟ್. ಅದೇ ಜಾಗದಲ್ಲಿ 180 ವ್ಯಾಟ್ ಎಳೆಯುವ ಸರ್ವರ್ ಹಗಲು ರಾತ್ರಿ ಓಡಿದರೆ ಸುಮಾರು 130 ಯೂನಿಟ್, ಸರ್ವರಿನ ಡೆಸ್ಕ್‌ಟಾಪನ್ನು ತೋರಿಸುವುದಕ್ಕಷ್ಟೇ ಇರುವ, ತಲಾ 10 ವ್ಯಾಟಿನ ಹದಿನೈದು ಥಿನ್ ಕ್ಲೈಂಟ್‌ಗಳಿಗೆ 34 ಯೂನಿಟ್, ಒಟ್ಟು 164. ಉಳಿತಾಯ ಇದೆ. ಆದರೆ 20 ವ್ಯಾಟಿನ ಹದಿನೈದು ಮಿನಿ ಪಿಸಿಗಳಿಗೆ 68 ಯೂನಿಟ್ ಸಾಕು. ನಿಜವಾದ ಲಾಭ ಬೇರೆ ಕಡೆ ಇದೆ: ಬ್ಯಾಕಪ್ ಒಂದೇ ಕಡೆಯಿಂದ ಆಗುತ್ತದೆ, ಒಬ್ಬರ ಯಂತ್ರ ಕೆಟ್ಟರೆ ಪಕ್ಕದ ಮೇಜಿನಲ್ಲಿ ಕೂತು ಅದೇ ಡೆಸ್ಕ್‌ಟಾಪ್ ತೆರೆಯಬಹುದು, ಕರೆಂಟು ಹೋಗಿ ಮೇಜಿನ ಯಂತ್ರ ಆರಿದರೂ ಅರ್ಧ ಬರೆದ ವೋಚರ್ ಸರ್ವರಿನಲ್ಲಿ ಹಾಗೇ ತೆರೆದಿರುತ್ತದೆ.

ಎಲ್ಲರಿಗೂ ಬೇರೆ ಬೇರೆ ವಿಂಡೋಸ್ ವಿಎಂ (ವರ್ಚುವಲ್ ಮೆಶೀನ್, ಸರ್ವರಿನೊಳಗೆ ತಂತ್ರಾಂಶದಲ್ಲೇ ನಡೆಯುವ ಪಿಸಿ) ಕೊಡುವುದೋ, ಒಂದೇ ಸರ್ವರಿಗೆ ಎಲ್ಲರೂ ಲಾಗಿನ್ ಆಗುವುದೋ?

ಹಾರ್ಡ್‌ವೇರ್ ಕೊಳ್ಳುವ ಮುನ್ನ ಇದನ್ನೇ ಇತ್ಯರ್ಥ ಮಾಡಿಕೊಳ್ಳಿ. ಬೇಕಾಗುವ ರ‍್ಯಾಮ್ ಮತ್ತು ಲೈಸನ್ಸಿನ ಖರ್ಚು ಎರಡೂ ಇದರ ಮೇಲೆಯೇ ನಿಂತಿವೆ.

ಒಂದೇ ವಿಂಡೋಸ್ ಸರ್ವರಿಗೆ ಎಲ್ಲರೂ ರಿಮೋಟ್ ಡೆಸ್ಕ್‌ಟಾಪಿನಲ್ಲಿ ಬರುವ ಪದ್ಧತಿ, ಅಂದರೆ ಸೆಷನ್ ಹೋಸ್ಟ್, ಕಡಿಮೆ ಬಜೆಟ್ಟಿಗೆ ಹೇಳಿದ್ದು. ಒಬ್ಬೊಬ್ಬರಿಗೆ 2ರಿಂದ 3 ಜಿಬಿ ರ‍್ಯಾಮ್ ಸಾಕು. ಬೇರೆ ಬೇರೆ ವಿಂಡೋಸ್ 11 ವಿಎಂ ಕೊಟ್ಟರೆ ತಲಾ 6ರಿಂದ 8 ಜಿಬಿ ಬೇಕು. ಅಷ್ಟೇ ಅಲ್ಲ, ಥಿನ್ ಕ್ಲೈಂಟಿನಿಂದ ಅಂಥ ವಿಎಂ ಬಳಸಲು ವಿಡಿಎ ಎಂಬ ಚಂದಾ ಹಕ್ಕು ಅಥವಾ ಅದನ್ನು ಒಳಗೊಂಡ ಎಂಟರ್‌ಪ್ರೈಸ್ ಚಂದಾ ಬೇಕು. ಅಂಗಡಿಯಲ್ಲಿ ಕೊಂಡ ವಿಂಡೋಸ್ 11 ಪ್ರೊ ಕೀ ಹಾಕಿದರೆ ಆಕ್ಟಿವೇಟ್ ಆದೀತು, ಹಕ್ಕು ಮಾತ್ರ ಬಾರದು.

ಮೂರನೆಯ ದಾರಿ ಲಿನಕ್ಸ್ ಸೆಷನ್. ಕಾಸರಗೋಡಿನ ಮಟ್ಟಿಗೆ ಇದನ್ನು ತಳ್ಳಿಹಾಕಬೇಡಿ. ಕೇರಳದ ಶಾಲೆಗಳಲ್ಲಿ ಐಟಿ ಪಾಠ ನಡೆಯುವುದು ಗ್ನೂ/ಲಿನಕ್ಸಿನಲ್ಲಿ, ಹಾಗಾಗಿ ಇಲ್ಲಿ ಓದಿ ಬಂದ ಹುಡುಗ ಹುಡುಗಿಯರಿಗೆ ಉಬುಂಟು, ಲಿಬ್ರೆ ಆಫೀಸ್ ಹೊಸತಲ್ಲ. ಪತ್ರ, ಬ್ರೌಸರ್, ಸರಕಾರಿ ಪೋರ್ಟಲ್ಲಿನ ಕೆಲಸ ಇರುವ ಎಂಟು ಮಂದಿಯನ್ನು ಲಿನಕ್ಸಿಗೆ, ಟ್ಯಾಲಿ ಬೇಕಾದ ಏಳು ಮಂದಿಯನ್ನು ವಿಂಡೋಸಿಗೆ ಹಾಕಿದರೆ ತಲೆಗೊಂದರಂತೆ ಕೊಳ್ಳುವ ಲೈಸನ್ಸಿನ ಬಿಲ್ಲು ಅರ್ಧಕ್ಕೆ ಹತ್ತಿರ ಇಳಿಯುತ್ತದೆ.

ಲೈಸನ್ಸಿನಲ್ಲಿ ಜನ ಎಲ್ಲಿ ಎಡವುತ್ತಾರೆ?

ವಿಂಡೋಸ್ ಸರ್ವರ್ ಸ್ಟ್ಯಾಂಡರ್ಡ್ ಕೋರ್ ಲೆಕ್ಕದಲ್ಲಿ ಮಾರಾಟವಾಗುತ್ತದೆ. ಒಂದು ಸರ್ವರಿಗೆ ಕನಿಷ್ಠ 16 ಕೋರಿಗೆ ಹಣ ಕೊಡಲೇಬೇಕು, ಯಂತ್ರದಲ್ಲಿ ಎಂಟೇ ಕೋರ್ ಇದ್ದರೂ. 14 ಕೋರಿನ ಎರಡು ಪ್ರೊಸೆಸರ್ ಹಾಕಿದರೆ 28 ಕೋರಿಗೆ ಕೊಡಬೇಕು. ಸೆಕೆಂಡ್ ಹ್ಯಾಂಡ್ ಪ್ರೊಸೆಸರ್ ಅಗ್ಗಕ್ಕೆ ಸಿಕ್ಕಿತೆಂದು ಎರಡನೆಯದನ್ನೂ ಹಾಕಿಸಿಕೊಂಡವರು ಲೈಸನ್ಸಿನಲ್ಲಿ ಅದರ ಎಷ್ಟೋ ಪಟ್ಟು ಕಳೆದುಕೊಳ್ಳುತ್ತಾರೆ. ಹದಿನೈದು ಇಪ್ಪತ್ತು ಮಂದಿಯ ಕಚೇರಿಗೆ 14 ಅಥವಾ 16 ಕೋರಿನ ಒಂದೇ ಪ್ರೊಸೆಸರ್ ಸರಿಯಾದ ಅಳತೆ. ಎಲ್ಲ ಕೋರಿಗೂ ಒಮ್ಮೆ ಲೈಸನ್ಸ್ ಮಾಡಿಸಿದರೆ ಎರಡು ವಿಂಡೋಸ್ ಸರ್ವರ್ ವಿಎಂ ನಡೆಸಬಹುದು. ಒಂದರಲ್ಲಿ ಸೆಷನ್ ಹೋಸ್ಟ್, ಇನ್ನೊಂದರಲ್ಲಿ ಡೊಮೈನ್ ಕಂಟ್ರೋಲರ್ (ಎಲ್ಲರ ಲಾಗಿನ್, ಪಾಸ್‌ವರ್ಡ್ ಒಂದೇ ಕಡೆ ನೋಡಿಕೊಳ್ಳುವುದು) ಮತ್ತು ಫೈಲುಗಳು.

ಸರ್ವರ್ ಲೈಸನ್ಸಿನ ಮೇಲೆ ಪ್ರತಿಯೊಬ್ಬರಿಗೂ ಎರಡು ಬಗೆಯ ಕ್ಯಾಲ್ (ಸರ್ವರ್ ಬಳಸುವ ಹಕ್ಕಿನ ಲೈಸನ್ಸ್) ಬೇಕು: ವಿಂಡೋಸ್ ಸರ್ವರ್ ಕ್ಯಾಲ್, ರಿಮೋಟ್ ಡೆಸ್ಕ್‌ಟಾಪಿಗೆ ಆರ್‌ಡಿಎಸ್ ಕ್ಯಾಲ್. ಮೊದಲನೆಯದನ್ನು ಮಾತ್ರ ಕೊಂಡು ಎರಡನೆಯದನ್ನು ಬಿಡುವುದು ತೀರಾ ಸಾಮಾನ್ಯ. ಆರ್‌ಡಿಎಸ್‌ಗೆ ಲೈಸನ್ಸ್ ಇಲ್ಲದೆ ನಡೆಯಲು 120 ದಿನದ ಅವಕಾಶ ಇರುವುದರಿಂದ ಅಲ್ಲಿಯವರೆಗೆ ಎಲ್ಲವೂ ಚೆನ್ನಾಗಿಯೇ ನಡೆದು, ಆಮೇಲೆ ಒಂದು ಬೆಳಿಗ್ಗೆ ಯಾರಿಗೂ ಲಾಗಿನ್ ಆಗುವುದಿಲ್ಲ. ಡೊಮೈನ್ ಇಲ್ಲದೆ ವರ್ಕ್‌ಗ್ರೂಪಿನಲ್ಲಿ ನಡೆಸುವಿರಾದರೆ ‘ಪರ್ ಡಿವೈಸ್’ ಕ್ಯಾಲನ್ನೇ ಕೊಳ್ಳಿ. ಸರ್ವರ್ 2019ರಿಂದೀಚೆಗೆ ವರ್ಕ್‌ಗ್ರೂಪಿನಲ್ಲಿ ‘ಪರ್ ಯೂಸರ್’ ಇಟ್ಟರೆ ಸೆಷನ್ ಅರುವತ್ತು ನಿಮಿಷಕ್ಕೊಮ್ಮೆ ಕಡಿದುಹೋಗುತ್ತದೆ.

ಮೈಕ್ರೋಸಾಫ್ಟ್ 365 ಇದ್ದರೆ ಯಾವ ಪ್ಲಾನ್ ಎಂದು ನೋಡಿ. ಹಲವರು ಹಂಚಿಕೊಳ್ಳುವ ಸರ್ವರಿನಲ್ಲಿ ಆಫೀಸ್ ನಡೆಯಲು ‘ಶೇರ್ಡ್ ಕಂಪ್ಯೂಟರ್ ಆಕ್ಟಿವೇಶನ್’ ಬೇಕು. ಅದು ಬಿಸಿನೆಸ್ ಪ್ರೀಮಿಯಮ್ಮಿನಲ್ಲಿದೆ, ಬಿಸಿನೆಸ್ ಸ್ಟ್ಯಾಂಡರ್ಡಿನಲ್ಲಿಲ್ಲ. ಟ್ಯಾಲಿ ಪ್ರೈಮ್ ಸಿಲ್ವರ್ ಒಬ್ಬರ ಬಳಕೆಯದ್ದು. ಹಲವರಿಗೆ ಗೋಲ್ಡ್ ಬೇಕು.

ಹೈಪರ್‌ವೈಸರ್ (ವಿಎಂಗಳನ್ನು ನಡೆಸುವ ತಂತ್ರಾಂಶ) ಯಾವುದು?

ಪ್ರಾಕ್ಸ್‌ಮಾಕ್ಸ್ ವಿಇ. ಡೆಬಿಯನ್ ಲಿನಕ್ಸ್ ಮತ್ತು ಕೆವಿಎಂ (ಲಿನಕ್ಸಿನದ್ದೇ ವರ್ಚುವಲೈಸೇಶನ್) ಮೇಲೆ ನಿಂತದ್ದು, ಚಂದಾ ಕಟ್ಟದೆಯೂ ಪೂರ್ತಿ ಬಳಸಬಹುದು, ಬ್ಯಾಕಪ್ ವ್ಯವಸ್ಥೆ ಒಳಗೇ ಇದೆ. ವಿಂಡೋಸ್ ಸರ್ವರ್ ಲೈಸನ್ಸ್ ಹೇಗೂ ಕೊಂಡಿದ್ದು, ಕಚೇರಿಯ ತಂತ್ರಜ್ಞರಿಗೆ ವಿಂಡೋಸ್ ಮಾತ್ರ ಗೊತ್ತಿದ್ದರೆ ಮೈಕ್ರೋಸಾಫ್ಟಿನ ಹೈಪರ್-ವಿ ಕೂಡ ಒಳ್ಳೆಯದೇ. ವಿಎಂವೇರನ್ನು 2023ರ ನವೆಂಬರಿನಲ್ಲಿ ಬ್ರಾಡ್‌ಕಾಮ್ ಕೊಂಡ ಮೇಲೆ ಬಂದ ಚಂದಾ ಪದ್ಧತಿ ಸಣ್ಣ ಕಚೇರಿಗೆ ಹೊಂದುವುದಿಲ್ಲ. ಹೊಸದಾಗಿ ಅದರಿಂದ ಶುರು ಮಾಡಬೇಡಿ.

ಹದಿನೈದು ಜನರಿಗೆ ಎಷ್ಟು ಕೋರ್, ಎಷ್ಟು ರ‍್ಯಾಮ್?

ಸೆಷನ್ ಹೋಸ್ಟ್ ಆದರೆ: ಸರ್ವರಿನ ವಿಂಡೋಸಿಗೆ 6 ಜಿಬಿ, ಹದಿನೈದು ಮಂದಿಗೆ ತಲಾ 3ರಂತೆ 45, ಡೊಮೈನ್ ಮತ್ತು ಫೈಲ್ ವಿಎಂಗೆ 8, ಪ್ರಾಕ್ಸ್‌ಮಾಕ್ಸಿಗೂ ಅದರ ಡಿಸ್ಕ್ ಕ್ಯಾಶಿಗೂ ಸೇರಿ 10. ಒಟ್ಟು 69. ಆದ್ದರಿಂದ 64 ಸಾಲದು, 96 ಅಥವಾ 128 ಜಿಬಿ ಹಾಕಿಸಿ. ಬೇರೆ ಬೇರೆ ವಿಎಂ ಆದರೆ 15 × 8 = 120, ಮೇಲಿನ ಖರ್ಚು ಸೇರಿ 140ರ ಆಸುಪಾಸು, ಅಂದರೆ 192 ಜಿಬಿ. ರ‍್ಯಾಮ್ ಹಂಚಿಕೊಳ್ಳುವ ಕೆಎಸ್ಎಂ, ಬಲೂನಿಂಗ್ ಮುಂತಾದವು ಇವೆ, ನಿಜ. ಅವುಗಳಿಂದ ಉಳಿದದ್ದು ಬೋನಸ್ಸು ಎಂದುಕೊಳ್ಳಿ, ಲೆಕ್ಕಕ್ಕೆ ಸೇರಿಸಬೇಡಿ.

ಬೇರೆ ವಿಎಂ ಪದ್ಧತಿಯಲ್ಲಿ ತಲಾ 2 ವಿಸಿಪಿಯು (ವಿಎಂಗೆ ಕಾಣುವ ಕೋರ್) ಕೊಟ್ಟರೆ 30. ಟೈಪಿಂಗ್, ಲೆಕ್ಕಪತ್ರದ ಕೆಲಸಕ್ಕೆ ಒಂದು ನಿಜ ಕೋರಿನ ಮೇಲೆ ನಾಲ್ಕು ವಿಸಿಪಿಯು ಹೇರಬಹುದು. ದಿನವಿಡೀ ಬ್ರೌಸರಿನಲ್ಲಿ ಹತ್ತು ಟ್ಯಾಬ್ ತೆರೆದಿಡುವವರಾದರೆ ಮೂರು. ಹಾಗೆ ನೋಡಿದರೆ 10 ಕೋರ್ ಕನಿಷ್ಠ, 14 ಕೋರ್ ನೆಮ್ಮದಿ.

ಕೋರಿನ ಸಂಖ್ಯೆಗಿಂತ ಒಂದೊಂದು ಕೋರಿನ ವೇಗ ಮುಖ್ಯ. ಟ್ಯಾಲಿಯಲ್ಲಿ ದೊಡ್ಡ ವರದಿ ತೆಗೆಯುವಾಗ, ಬ್ರೌಸರಿನಲ್ಲಿ ಭಾರದ ಪುಟ ತೆರೆಯುವಾಗ ಕೆಲಸ ಬೀಳುವುದು ಹೆಚ್ಚಾಗಿ ಒಂದೇ ಕೋರಿನ ಮೇಲೆ. 22 ಕೋರ್ ಇದ್ದು 2.2 ಗಿಗಾಹರ್ಟ್ಸಿನಲ್ಲಿ ತೆವಳುವ ಪ್ರೊಸೆಸರಿಗಿಂತ 14 ಕೋರಿನದ್ದು ಬಳಕೆದಾರರಿಗೆ ಚುರುಕಾಗಿ ಕಾಣುತ್ತದೆ.

ಸೆಕೆಂಡ್ ಹ್ಯಾಂಡ್ ಸರ್ವರ್ ಕೊಳ್ಳಬಹುದೇ? ಯಾವ ಮಾಡೆಲ್?

ಕೊಳ್ಳಬಹುದು. ಡೆಲ್ ಪವರ್‌ಎಡ್ಜ್ ಆರ್730, ಟಿ430, ಟಿ630, ಎಚ್‌ಪಿ ಪ್ರೊಲಯಂಟ್ ಡಿಎಲ್380 ಜೆನ್9, ಎಂಎಲ್350 ಜೆನ್9 ಇವು ಧಾರಾಳವಾಗಿ ಸಿಗುತ್ತವೆ. ಇವಕ್ಕೆಲ್ಲ ಝೀಯಾನ್ ಇ5-2600 ಸರಣಿಯ ವಿ3 ಅಥವಾ ವಿ4 ಪ್ರೊಸೆಸರ್ ಕೂರುತ್ತದೆ. ವಿ4ನ್ನೇ ಕೇಳಿ ತೆಗೆದುಕೊಳ್ಳಿ. ಇ5-2680 ವಿ4 (14 ಕೋರ್, 2.4 ಗಿಗಾಹರ್ಟ್ಸ್, ಟರ್ಬೋದಲ್ಲಿ 3.3, 120 ವ್ಯಾಟ್) ಬೆಲೆಗೂ ಕೆಲಸಕ್ಕೂ ಹದವಾದದ್ದು. ಎಂಟೇ ಕೋರ್ ಸಾಕಾದರೆ ಇ5-2667 ವಿ4 ಮೂಲ ವೇಗದಲ್ಲೇ 3.2 ಗಿಗಾಹರ್ಟ್ಸ್ ಓಡುತ್ತದೆ. ಡಿಡಿಆರ್3 ರ‍್ಯಾಮ್ ಹಾಕುವ ಹಳೆಯ ಪೀಳಿಗೆಯನ್ನು ಯಾರಾದರೂ ಉಚಿತವಾಗಿ ಕೊಟ್ಟರೂ ಬೇಡ ಎನ್ನಿ.

ಒಂದು ಎಚ್ಚರ. ಇ5 ವಿ4 ಪ್ರೊಸೆಸರುಗಳು ವಿಂಡೋಸ್ 11ರ ಬೆಂಬಲಿತ ಪಟ್ಟಿಯಲ್ಲಿಲ್ಲ. ವಿಎಂ ಒಳಗೆ ವರ್ಚುವಲ್ ಟಿಪಿಎಂ (ವಿಂಡೋಸ್ 11 ಕೇಳುವ ಭದ್ರತಾ ಚಿಪ್ಪಿನ ನಕಲು) ಕೊಟ್ಟು ನಡೆಸಬಹುದಾದರೂ ನಾಳೆಯ ಅಪ್‌ಡೇಟಿಗೆ ಭರವಸೆ ಇಲ್ಲ. ವಿಂಡೋಸ್ 10ರ ಬೆಂಬಲ 2025ರ ಅಕ್ಟೋಬರ್ 14ಕ್ಕೆ ಮುಗಿದಿದೆ. ಹಳೆಯ ಝೀಯಾನ್ ಕೊಳ್ಳುವವರು ಸೆಷನ್ ಹೋಸ್ಟ್ ಅಥವಾ ಲಿನಕ್ಸ್ ಕಡೆಗೇ ಹೋಗಲಿ ಎನ್ನುವುದಕ್ಕೆ ಇದೂ ಒಂದು ಕಾರಣ.

ಕೂರುವ ಕೋಣೆಯಲ್ಲೇ ಯಂತ್ರ ಇಡಬೇಕಾದರೆ ರ‍್ಯಾಕ್ ಸರ್ವರ್ ಬೇಡವೇ ಬೇಡ. 1ಯು ಎಂಬ ತೀರಾ ಚಪ್ಪಟೆ ಸರ್ವರಿನ 40 ಮಿಲಿಮೀಟರ್ ಫ್ಯಾನುಗಳ ಸದ್ದಿಗೆ ಕೌಂಟರಿನಲ್ಲಿ ನಿಂತವರ ಮಾತು ಕೇಳಿಸುವುದಿಲ್ಲ. ಟವರ್ ಸರ್ವರ್ ಅಥವಾ ಎಚ್‌ಪಿ ಝಡ್440, ಡೆಲ್ ಪ್ರಿಸಿಶನ್ ಟಿ5810 ತರಹದ ವರ್ಕ್‌ಸ್ಟೇಶನ್ ನೋಡಿ. ಇವಕ್ಕೂ ಅದೇ ಇ5 ವಿ4 ಪ್ರೊಸೆಸರ್, ಎಂಟು ರ‍್ಯಾಮ್ ಸ್ಲಾಟ್, ದೋಷ ತಿದ್ದಿಕೊಳ್ಳುವ ಇಸಿಸಿ ರ‍್ಯಾಮ್, ಸದ್ದು ಸಾಮಾನ್ಯ ಪಿಸಿಯಷ್ಟೇ. ಕೊರತೆ ಎರಡು: ಪವರ್ ಸಪ್ಲೈ ಒಂದೇ, ಡೆಲ್ಲಿನ ಐಡ್ರ್ಯಾಕ್, ಎಚ್‌ಪಿಯ ಐಎಲ್ಒನಂಥ ದೂರನಿಯಂತ್ರಣ ಇಲ್ಲ. ಹದಿನೈದು ಮಂದಿಯ ಕಚೇರಿಗೆ ಈ ವರ್ಕ್‌ಸ್ಟೇಶನ್ನುಗಳೇ ನಮ್ಮ ಮೊದಲ ಆಯ್ಕೆ.

ಡೆಲ್ಲಿಗೂ ಎಚ್‌ಪಿಗೂ ನಡುವೆ ಆರಿಸುವಾಗ ಎರಡು ಸಂಗತಿ ಗಮನಿಸಿ. ಡೆಲ್ಲಿನ ಬಯೋಸ್, ಫರ್ಮ್‌ವೇರ್ ಯಾರು ಬೇಕಾದರೂ ಇಳಿಸಿಕೊಳ್ಳಬಹುದು. ಎಚ್‌ಪಿಇ ಸರ್ವರಿನ ಬಯೋಸ್ ಅಪ್‌ಡೇಟಿಗೆ ವಾರಂಟಿ ಅಥವಾ ಸಪೋರ್ಟ್ ಒಪ್ಪಂದ ಕೇಳುತ್ತದೆ. ಎರಡನೆಯದು ದೂರನಿಯಂತ್ರಣದ ಲೈಸನ್ಸು: ಐಡ್ರ್ಯಾಕ್ 8 ಎಕ್ಸ್‌ಪ್ರೆಸ್ಸಿನಲ್ಲಿ ಪರದೆ ನೋಡುವ ಸೌಲಭ್ಯ ಇಲ್ಲ, ಎಂಟರ್‌ಪ್ರೈಸ್ ಬೇಕು. ಐಎಲ್ಒ 4ರಲ್ಲಿ ಅದಕ್ಕೆ ಅಡ್ವಾನ್ಸ್ಡ್ ಬೇಕು. ಲೈಸನ್ಸ್ ಸಮೇತ ಕೊಡುತ್ತೀರಾ ಎಂದು ಮಾರಾಟಗಾರರಲ್ಲಿ ಮೊದಲೇ ಕೇಳಿ ಬಿಲ್ಲಿನಲ್ಲಿ ಬರೆಸಿಕೊಳ್ಳಿ.

ಹೊಸ ರೈಝನ್ ಪಿಸಿಯನ್ನೇ ಸರ್ವರ್ ಮಾಡಿದರೆ?

ಒಳ್ಳೆಯ ಯೋಚನೆಯೇ. ರೈಝನ್ 9 5950ಎಕ್ಸ್‌ನಲ್ಲಿ 16 ಕೋರ್, ಟರ್ಬೋ 4.9 ಗಿಗಾಹರ್ಟ್ಸ್, 105 ವ್ಯಾಟ್. ಒಂದೊಂದು ಕೋರ್ ಹಳೆಯ ಝೀಯಾನಿಗಿಂತ ಬಹಳ ಮುಂದೆ. ಹೊಸ ಬಿಡಿಭಾಗವಾದ್ದರಿಂದ ವಾರಂಟಿಯೂ ಉಂಟು. ಮಿತಿ ರ‍್ಯಾಮಿನದ್ದು: 128 ಜಿಬಿ. ಇದಕ್ಕಿಂತ ಹೊಸ ಪೀಳಿಗೆಯ ಡಿಡಿಆರ್5 ಬೋರ್ಡಿನಲ್ಲಿ ನಾಲ್ಕೂ ಸ್ಲಾಟ್ ತುಂಬಿದರೆ ರ‍್ಯಾಮಿನ ವೇಗ ಇಳಿಯುತ್ತದೆ, ಹಾಗಾಗಿ ದೊಡ್ಡ ಸ್ಟಿಕ್ಕುಗಳನ್ನು ಎರಡೇ ಹಾಕಿ.

ಇಂಟೆಲ್‌ನ ಹೊಸ ಡೆಸ್ಕ್‌ಟಾಪ್ ಪ್ರೊಸೆಸರುಗಳಲ್ಲಿ ವೇಗದ ಕೋರು, ಮಿತವ್ಯಯದ ಕೋರು ಎಂದು ಎರಡು ಬಗೆ. ವಿಎಂ ಎರಡನೆಯದರ ಮೇಲೆ ಬಿದ್ದಾಗ ಒಬ್ಬರ ಡೆಸ್ಕ್‌ಟಾಪ್ ನಿಧಾನ, ಪಕ್ಕದವರದ್ದು ಚುರುಕು ಎಂಬ ದೂರು ಬರುತ್ತದೆ. ಈ ಕೆಲಸಕ್ಕೆ ಅವು ಬೇಡ. ವಿಂಡೋಸ್ ಸರ್ವರನ್ನು ನೇರವಾಗಿ ಡೆಸ್ಕ್‌ಟಾಪ್ ಬೋರ್ಡಿಗೆ ಹಾಕಿದರೆ ನೆಟ್‌ವರ್ಕ್ ಡ್ರೈವರ್ ಕೈಕೊಡುವುದುಂಟು. ನಡುವೆ ಪ್ರಾಕ್ಸ್‌ಮಾಕ್ಸ್ ಇದ್ದರೆ ಆ ಸಮಸ್ಯೆ ಇಲ್ಲ.

ರ‍್ಯಾಮ್ ಹಾಕುವಾಗ ಏನು ನೋಡಬೇಕು?

ಆರ್‌ಡಿಐಎಂಎಂ, ಎಲ್‌ಆರ್‌ಡಿಐಎಂಎಂ, ಯುಡಿಐಎಂಎಂ ಎಂಬ ಮೂರು ಬಗೆಯ ಸ್ಟಿಕ್ಕುಗಳನ್ನು ಒಂದರೊಂದಿಗೆ ಬೆರೆಸುವಂತಿಲ್ಲ, ಬೆರೆಸಿದರೆ ಸರ್ವರ್ ಬೂಟ್ ಆಗುವುದೇ ಇಲ್ಲ. ಇ5 ವಿ4ಗೆ ನಾಲ್ಕು ಮೆಮೊರಿ ಚಾನೆಲ್, ಪ್ರತಿಯೊಂದರಲ್ಲೂ ಸ್ಟಿಕ್ ಇದ್ದರೇ ಪೂರ್ತಿ ವೇಗ. ಆದ್ದರಿಂದ 64 ಜಿಬಿಯ ಎರಡು ಸ್ಟಿಕ್ಕಿಗಿಂತ 32ರ ನಾಲ್ಕು ವಾಸಿ. ಆರ್730ರಲ್ಲಿ 24 ಸ್ಲಾಟ್ ಇದ್ದರೂ ಒಂದೇ ಪ್ರೊಸೆಸರ್ ಹಾಕಿದರೆ 12 ಮಾತ್ರ ಕೆಲಸ ಮಾಡುತ್ತವೆ.

ಡಿಸ್ಕಿನ ವಿಷಯಕ್ಕೆ ಇಷ್ಟು ಒತ್ತು ಯಾಕೆ?

ವರ್ಚುವಲ್ ಡೆಸ್ಕ್‌ಟಾಪ್ ನಿಧಾನ ಎಂದು ಬರುವ ದೂರುಗಳ ಬುಡ ಹುಡುಕಿದರೆ ಹೆಚ್ಚಿನವು ಡಿಸ್ಕಿಗೇ ಹೋಗಿ ನಿಲ್ಲುತ್ತವೆ. ಕಚೇರಿಯ ಒಂದು ಡೆಸ್ಕ್‌ಟಾಪ್ ಸುಮ್ಮನೆ ಕೆಲಸ ಮಾಡುವಾಗ ಸೆಕೆಂಡಿಗೆ 10ರಿಂದ 20 ಸಣ್ಣ ಓದು-ಬರಹ ಕೇಳುತ್ತದೆ, ಅದರಲ್ಲಿ ಬರಹವೇ ಜಾಸ್ತಿ. ಹದಿನೈದು ಡೆಸ್ಕ್‌ಟಾಪಿಗೆ 300 ಎಂದಿಟ್ಟುಕೊಳ್ಳಿ. 10,000 ಆರ್‌ಪಿಎಂನ ಒಂದು ಎಸ್ಎಎಸ್ ಹಾರ್ಡ್ ಡಿಸ್ಕ್ ಕೊಡುವುದು ಸುಮಾರು 140. ಅಂಥ ನಾಲ್ಕನ್ನು ರೇಡ್ 10ರಲ್ಲಿ (ರೇಡ್ ಎಂದರೆ ಹಲವು ಡಿಸ್ಕುಗಳನ್ನು ಒಂದಾಗಿ ಬಳಸುವ ಪದ್ಧತಿ) ಹಾಕಿದರೆ ಪ್ರತಿ ಬರಹ ಎರಡು ಕಡೆ ಆಗಬೇಕಾದ್ದರಿಂದ 280. ರೇಡ್ 5ರಲ್ಲಿ ಒಂದು ಸಣ್ಣ ಬರಹಕ್ಕೆ ನಾಲ್ಕು ಕಾರ್ಯ ಬೇಕು, ಅಲ್ಲಿಗೆ 140. ಬೆಳಿಗ್ಗೆ ಹತ್ತು ಗಂಟೆಗೆ ಎಲ್ಲರೂ ಒಮ್ಮೆಗೇ ಲಾಗಿನ್ ಆಗುವಾಗ ಬೇಡಿಕೆ ಇದರ ಎಷ್ಟೋ ಪಟ್ಟು ಏರುತ್ತದೆ. ಹಾರ್ಡ್ ಡಿಸ್ಕಿನಲ್ಲಿ ಆಗ ಲಾಗಿನ್ನಿಗೇ ಐದು ಹತ್ತು ನಿಮಿಷ ಕಾಯಬೇಕು. ಒಂದು ಸಾಟಾ ಎಸ್ಎಸ್‌ಡಿ ಇಂಥ ಕಾರ್ಯಗಳನ್ನು ಸೆಕೆಂಡಿಗೆ ಸಾವಿರಗಟ್ಟಲೆ ಮುಗಿಸುತ್ತದೆ.

ಎಸ್ಎಸ್‌ಡಿಯಲ್ಲೂ ಎರಡು ಜಾತಿ. ಲ್ಯಾಪ್‌ಟಾಪಿಗೆ ಹಾಕುವ ಅಗ್ಗದ ಎಸ್ಎಸ್‌ಡಿ ಇಲ್ಲಿ ಬಾಳುವುದಿಲ್ಲ. ಅದರ ಸಣ್ಣ ಕ್ಯಾಶ್ ತುಂಬಿದ ಮೇಲೆ ಬರಹದ ವೇಗ ಹಾರ್ಡ್ ಡಿಸ್ಕಿನ ಮಟ್ಟಕ್ಕೆ ಇಳಿಯುತ್ತದೆ, ಒಂದು ಕೋಶದಲ್ಲಿ ನಾಲ್ಕು ಬಿಟ್ ತುಂಬುವ ಕ್ಯೂಎಲ್‌ಸಿ ಜಾತಿಯದ್ದಾದರೆ ಇನ್ನೂ ಕಷ್ಟ. ಕರೆಂಟು ಥಟ್ಟನೆ ಹೋದಾಗ ಕೈಯಲ್ಲಿದ್ದ ಡೇಟಾ ಬರೆದು ಮುಗಿಸುವ ಕೆಪಾಸಿಟರುಗಳು ಅದರಲ್ಲಿ ಇರುವುದಿಲ್ಲ. ಅವು ಇಲ್ಲದ್ದರಿಂದಲೇ ‘ಬರೆದಾಯಿತು’ ಎಂದು ಖಚಿತಪಡಿಸಲು ತಡ ಮಾಡುತ್ತದೆ, ಝಡ್ಎಫ್ಎಸ್ (ಪ್ರಾಕ್ಸ್‌ಮಾಕ್ಸಿನಲ್ಲಿ ಸಿಗುವ ಒಂದು ಫೈಲ್ ಸಿಸ್ಟಮ್) ಮೇಲೆ ಇದು ಎದ್ದು ಕಾಣುತ್ತದೆ. ಸ್ಯಾಮ್‌ಸಂಗ್ ಪಿಎಂ883, ಪಿಎಂ893, ಇಂಟೆಲ್ ಎಸ್4510, ಎಸ್4610, ಮೈಕ್ರಾನ್ 5300 ಇವು ಡೇಟಾ ಸೆಂಟರಿಗೆಂದೇ ಮಾಡಿದವು, ಕೆಪಾಸಿಟರ್ ಇದೆ. ಹೊಸತು ದುಬಾರಿಯಾದರೆ ಬಳಸಿದ್ದನ್ನು ಕೊಳ್ಳಿ, ಆದರೆ ಸ್ಮಾರ್ಟ್ ವರದಿ (ಡಿಸ್ಕ್ ತನ್ನ ಆರೋಗ್ಯದ ಬಗ್ಗೆ ಇಡುವ ದಾಖಲೆ) ತರಿಸಿ ಆಯುಷ್ಯ ಶೇಕಡಾ 80ಕ್ಕಿಂತ ಹೆಚ್ಚು ಉಳಿದದ್ದನ್ನು ಮಾತ್ರ.

ಹದಿನೈದು ಮಂದಿಯ ಸೆಷನ್ ಹೋಸ್ಟಿಗೆ 960 ಜಿಬಿಯ ಎರಡು ಎಸ್ಎಸ್‌ಡಿ, ಮಿರರ್ ಮಾಡಿ (ಎರಡರಲ್ಲೂ ಒಂದೇ ಡೇಟಾ). ಬೇರೆ ಬೇರೆ ವಿಎಂ ಆದರೆ ನಾಲ್ಕು. ಝಡ್ಎಫ್ಎಸ್ ಬಳಸುವಿರಾದರೆ ರೇಡ್ ಕಾರ್ಡನ್ನು ಎಚ್‌ಬಿಎ ಮೋಡಿಗೆ (ಡಿಸ್ಕುಗಳನ್ನು ನೇರವಾಗಿ ಬಿಟ್ಟುಕೊಡುವ ಮೋಡು) ಹಾಕಿ. ಡೆಲ್ ಎಚ್330, ಎಚ್730 ಎರಡರಲ್ಲೂ ಆಗುತ್ತದೆ. ರೇಡ್ ಕಾರ್ಡಿನಲ್ಲೇ ಅರೇ ಕಟ್ಟುವುದಾದರೆ ಬ್ಯಾಟರಿ ಸರಿಯಿರಬೇಕು, ಸತ್ತಿದ್ದರೆ ಕಾರ್ಡು ತನ್ನ ರೈಟ್ ಕ್ಯಾಶನ್ನು ನಿಲ್ಲಿಸಿಬಿಡುತ್ತದೆ.

ಸರ್ವರ್ ಎಲ್ಲಿಂದ ತರಿಸುವುದು? ಬಂದ ಮೇಲೆ ಏನು ಪರೀಕ್ಷೆ?

ರಿಫರ್ಬಿಶ್ಡ್ ಸರ್ವರಿಗೆ ಬೆಂಗಳೂರಿನ ಎಸ್.ಪಿ. ರೋಡ್ ಸುತ್ತಲಿನ ವ್ಯಾಪಾರಿಗಳಲ್ಲಿ ಆಯ್ಕೆ ಹೆಚ್ಚು. ಬಿಡಿಭಾಗಕ್ಕೆ ಮಂಗಳೂರು ಹತ್ತಿರ. ಕರ್ನಾಟಕದಿಂದ ಕೇರಳಕ್ಕೆ ಬರುವುದರಿಂದ ಬಿಲ್ಲಿನಲ್ಲಿ ಐಜಿಎಸ್‌ಟಿ ಇರಬೇಕು, ನಿಮ್ಮ ಜಿಎಸ್‌ಟಿ ನಂಬರ್ ಮೊದಲೇ ಕೊಡಿ, ಇಲ್ಲವಾದರೆ ಇನ್‌ಪುಟ್ ಕ್ರೆಡಿಟ್ ಸಿಗದು. ಮಾಲಿನ ಬೆಲೆ 50,000 ರೂಪಾಯಿ ದಾಟಿದರೆ ಇ-ವೇ ಬಿಲ್ ಬೇಕು, ತಲಪಾಡಿ ದಾಟುವಾಗ ಕೈಯಲ್ಲಿರಲಿ. ಬಸ್ಸಿನ ಡಿಕ್ಕಿಯಲ್ಲಿ ಕಳಿಸುವುದಾದರೆ ಡಿಸ್ಕುಗಳನ್ನು ಕಳಚಿ ಬೇರೆಯಾಗಿ ಸುತ್ತಿಸಿ.

ಪೆಟ್ಟಿಗೆ ಬಂದ ದಿನವೇ ಕೆಲಸಕ್ಕೆ ಹಚ್ಚಬೇಡಿ. ಮುಚ್ಚಳ ತೆಗೆದು ಪವರ್ ಸಪ್ಲೈ, ರ‍್ಯಾಮ್ ಸ್ಲಾಟು, ಸ್ಕ್ರೂ ತಲೆಗಳನ್ನು ಟಾರ್ಚ್ ಹಾಕಿ ನೋಡಿ, ಹಸಿರು ಅಥವಾ ಬಿಳಿ ಕಿಲುಬು ಹಿಡಿದಿದ್ದರೆ ಹಿಂದೆ ಕಳಿಸಿ. ಮೆಮೊರಿ ಪರೀಕ್ಷಿಸುವ ಮೆಮ್‌ಟೆಸ್ಟ್86+ ರಾತ್ರಿಯಿಡೀ ಓಡಿಸಿ. ಎರಡು ಪವರ್ ಸಪ್ಲೈ ಇದ್ದರೆ ಓಡುತ್ತಿರುವಾಗಲೇ ಒಂದೊಂದರ ಕೇಬಲನ್ನು ಸರದಿಯಂತೆ ಕಿತ್ತು ನೋಡಿ. ಐಡ್ರ್ಯಾಕಿನ ಲೈಫ್‌ಸೈಕಲ್ ಲಾಗಿನಲ್ಲಿ ರ‍್ಯಾಮ್ ದೋಷ, ತಾಪಮಾನದ ಎಚ್ಚರಿಕೆಗಳಿವೆಯೇ ಓದಿ. ಮದರ್‌ಬೋರ್ಡಿನ ಸಿಆರ್2032 ಸೆಲ್ಲನ್ನು ಹೇಗೂ ಬದಲಿಸಿ. ಬಯೋಸ್ ಅಪ್‌ಡೇಟ್ ಮಾಡಿ. ಬೇರೆ ಕಂಪನಿಯ ಪಿಸಿಐಇ ಕಾರ್ಡ್ ಹಾಕಿದಾಗ ಡೆಲ್ಲಿನ ಫ್ಯಾನು ಜೋರಾಗಿ ಓಡತೊಡಗಿದರೆ ಹೆದರಬೇಡಿ. ಅದು ಗುರುತಿಲ್ಲದ ಕಾರ್ಡಿಗೆ ಕೊಡುವ ಹೆಚ್ಚಿನ ಗಾಳಿ, ಐಪಿಎಂಐ (ಸರ್ವರಿನ ದೂರನಿಯಂತ್ರಣದ) ಆಜ್ಞೆಯಿಂದ ನಿಲ್ಲಿಸಬಹುದು.

ನಮ್ಮಲ್ಲಿ ಕರೆಂಟು, ಸಿಡಿಲು, ಮಳೆ. ಸರ್ವರ್ ಬಾಳುತ್ತದೆಯೇ?

ಬಾಳುತ್ತದೆ, ಆದರೆ ಅದಕ್ಕೆಂದೇ ಬಜೆಟ್ಟಿನಲ್ಲಿ ಹಣ ತೆಗೆದಿಟ್ಟರೆ ಮಾತ್ರ. ಪ್ರೊಸೆಸರಿನಲ್ಲಿ ಒಂದು ಮೆಟ್ಟಿಲು ಕೆಳಗಿಳಿದಾದರೂ ಯುಪಿಎಸ್ ಮತ್ತು ಅರ್ತಿಂಗಿನಲ್ಲಿ ಮೇಲೇರಿ. ಈ ಊರಿಗೆ ಇದಕ್ಕಿಂತ ದೊಡ್ಡ ಸಲಹೆ ನಮ್ಮಲ್ಲಿಲ್ಲ.

ಯುಪಿಎಸ್ ಆನ್‌ಲೈನ್ ಮಾದರಿಯದ್ದೇ ಇರಲಿ, 1 ಕೆವಿಎ ಸಾಕು. ಪಿಸಿಗೆ ಹಾಕುವ ಅಗ್ಗದ ಯುಪಿಎಸ್ ಕೊಡುವುದು ಚೌಕಾಕಾರದ ಅಲೆ. ಸರ್ವರಿನ ಪವರ್ ಸಪ್ಲೈಗೆ ಅದು ಒಗ್ಗದೆ, ಕರೆಂಟು ಹೋದ ಕ್ಷಣವೇ ಯಂತ್ರ ಆರಿಹೋಗುವುದುಂಟು. 12 ವೋಲ್ಟ್ 7 ಎಎಚ್‌ನ ಮೂರು ಬ್ಯಾಟರಿ ಇರುವ ಯುಪಿಎಸ್ 180 ವ್ಯಾಟಿನ ಸರ್ವರನ್ನು ಹೊಸತರಲ್ಲಿ ಅರ್ಧ ಗಂಟೆ ಎಳೆದೀತು, ಎರಡು ಮೂರು ವರ್ಷದಲ್ಲಿ ಬ್ಯಾಟರಿ ಬದಲಿಸಬೇಕು. ನೆಟ್‌ವರ್ಕ್ ಸ್ವಿಚ್ಚನ್ನೂ ಇದೇ ಯುಪಿಎಸ್ಸಿಗೆ ಹಾಕಿ. ಸ್ವಿಚ್ ಆರಿದರೆ ಸರ್ವರ್ ಬದುಕಿದ್ದೂ ಪ್ರಯೋಜನವಿಲ್ಲ. ಮೇಜಿನ ಥಿನ್ ಕ್ಲೈಂಟುಗಳಿಗೆ ಸಾಮಾನ್ಯ ಇನ್ವರ್ಟರ್ ಸಾಕು.

ಯುಪಿಎಸ್ಸಿನ ಯುಎಸ್‌ಬಿ ಕೇಬಲನ್ನು ಸರ್ವರಿಗೆ ಸಿಕ್ಕಿಸಿ ‘ನಟ್’ ತಂತ್ರಾಂಶ ಹಾಕಿ, ಕರೆಂಟು ಹೋಗಿ ಐದು ನಿಮಿಷಕ್ಕೆ ವಿಎಂಗಳು ತಾವಾಗಿ ಶಟ್‌ಡೌನ್ ಆಗುವಂತೆ ಮಾಡಿ. ಪ್ರತಿ ವಿಎಂನಲ್ಲೂ ಗೆಸ್ಟ್ ಏಜೆಂಟ್ (ಪ್ರಾಕ್ಸ್‌ಮಾಕ್ಸಿನ ಮಾತು ಕೇಳುವ ಸಣ್ಣ ತಂತ್ರಾಂಶ) ಇರಬೇಕು. ಬಯೋಸಿನಲ್ಲಿ ಎಸಿ ಪವರ್ ರಿಕವರಿಗೆ (ಕರೆಂಟು ಬಂದಾಗ ತಾನೇ ಆನ್ ಆಗುವುದಕ್ಕೆ) ವಿಳಂಬ ಕೊಡಿ, ಡೆಲ್ಲಿನಲ್ಲಿ 240 ಸೆಕೆಂಡಿನವರೆಗೆ ಕೊಡಬಹುದು. ಮಳೆಗಾಲದಲ್ಲಿ ಕರೆಂಟು ಬಂದು ಎರಡು ನಿಮಿಷಕ್ಕೆ ಮತ್ತೆ ಹೋಗುವುದು ಇಲ್ಲಿನ ವಾಡಿಕೆ. ಬ್ಯಾಟರಿ ಖಾಲಿ ಇರುವಾಗ ಅರ್ಧ ಬೂಟ್ ಆದ ವಿಎಂ ಕುಸಿದರೆ ಡೇಟಾಬೇಸ್ ಕೆಡುತ್ತದೆ.

ಸಿಡಿಲಿನ ಕಾಟ ಏಪ್ರಿಲ್–ಮೇ ತಿಂಗಳ ಮಧ್ಯಾಹ್ನಗಳಲ್ಲಿ, ಮತ್ತೆ ಅಕ್ಟೋಬರ್–ನವೆಂಬರಿನ ತುಲಾ ಮಳೆಯಲ್ಲಿ. ಅದು ಕರೆಂಟಿನ ತಂತಿಯಲ್ಲಷ್ಟೇ ಬರುತ್ತದೆ ಎಂದುಕೊಳ್ಳಬೇಡಿ. ಗೋದಾಮಿಗೆ ಹೊರಗಿನಿಂದ ಎಳೆದ ಲ್ಯಾನ್ ಕೇಬಲ್, ಗೇಟಿನ ಸಿಸಿಟಿವಿ ಕೇಬಲ್, ಹಳೆಯ ಟೆಲಿಫೋನ್ ತಂತಿ ಎಲ್ಲವೂ ದಾರಿಯೇ. ಎರಡು ಕಟ್ಟಡಗಳ ನಡುವೆ ತಾಮ್ರದ ಕೇಬಲ್ ಬೇಡ, ಫೈಬರ್ ಎಳೆದು ಎರಡು ತುದಿಗೆ ಮೀಡಿಯಾ ಕನ್ವರ್ಟರ್ ಇಡಿ. ಹೊರಗಿನ ಕ್ಯಾಮರಾಗಳಿಗೆ ಬೇರೆಯೇ ಸ್ವಿಚ್, ಅದರಿಂದ ಸರ್ವರಿನ ಸ್ವಿಚ್ಚಿಗೆ ಒಂದು ಮೀಟರ್ ಫೈಬರ್. ಕಚೇರಿಯೊಳಗಿನ ಡಿಸ್ಟ್ರಿಬ್ಯೂಶನ್ ಬೋರ್ಡಿಗೆ ಟೈಪ್ 2 ಸರ್ಜ್ ಪ್ರೊಟೆಕ್ಟರ್ ಹಾಕಿಸಿ.

ಮುರಕಲ್ಲಿನ ನೆಲದಲ್ಲಿ ಅರ್ತಿಂಗ್ ಸುಲಭಕ್ಕೆ ಹಿಡಿಯುವುದಿಲ್ಲ, ಬೇಸಗೆಯಲ್ಲಿ ಒಣಗಿ ಇನ್ನೂ ಕೆಡುತ್ತದೆ. ಮಲ್ಟಿಮೀಟರಿನಲ್ಲಿ ನ್ಯೂಟ್ರಲ್ ಮತ್ತು ಅರ್ತ್ ನಡುವೆ ಲೋಡ್ ಇರುವಾಗ ಅಳೆಯಿರಿ. ಎರಡು ಮೂರು ವೋಲ್ಟಿಗಿಂತ ಹೆಚ್ಚು ತೋರಿಸಿದರೆ ಎಲೆಕ್ಟ್ರಿಶಿಯನ್ನನ್ನು ಕರೆದು ಅರ್ತ್ ಪಿಟ್ ಸರಿಮಾಡಿಸದೆ ಸರ್ವರ್ ಹಚ್ಚಬೇಡಿ.

ಕುಂಬಳೆ, ಉಪ್ಪಳದಂಥ ಕಡಲಬದಿಯ ಕಚೇರಿಗಳಲ್ಲಿ ಉಪ್ಪುಗಾಳಿ ಲೋಹವನ್ನು ತಿನ್ನುತ್ತದೆ. ಕಿಟಕಿ ಮುಚ್ಚಿದ ಒಳಕೋಣೆ ಆರಿಸಿ, ಸರ್ವರನ್ನು ನೆಲದಿಂದ ಒಂದಡಿ ಎತ್ತರಕ್ಕೆ, ಗೋಡೆಯಿಂದ ದೂರಕ್ಕೆ ಇಡಿ. ಆಟಿ ತಿಂಗಳಲ್ಲಿ ಹಗಲು ಎಸಿ ಹಾಕಿ ರಾತ್ರಿ ಸರ್ವರನ್ನೂ ಎಸಿಯನ್ನೂ ಆರಿಸುವುದು ಒಳ್ಳೆಯದಲ್ಲ. ತಣ್ಣಗಾದ ಲೋಹದ ಮೇಲೆ ಹೊರಗಿನ ತೇವದ ಗಾಳಿ ಬಡಿದು ನೀರು ಕಟ್ಟುತ್ತದೆ. ಸರ್ವರ್ ಸದಾ ಓಡುತ್ತಿರಲಿ, ಅದರ ಬಿಸಿಯೇ ಒಳಗನ್ನು ಒಣಗಿಸಿಡುತ್ತದೆ. ಖಾಲಿ ಡಿಸ್ಕ್ ಜಾಗ, ಪಿಸಿಐ ಜಾಗಗಳನ್ನು ಬ್ಲಾಂಕಿನಿಂದ ಮುಚ್ಚಿ: ಪವರ್ ಸಪ್ಲೈ ಒಳಗೆ ಸೇರಿದ ಒಂದು ಹಲ್ಲಿ ಮರಿ ಸಾಕು, ಇಡೀ ಕಚೇರಿ ಒಂದು ದಿನ ಸ್ತಬ್ಧ.

ಮೇಜಿನ ಮೇಲೆ ಯಾವ ಯಂತ್ರ?

ಇರುವ ಹಳೆಯ ಪಿಸಿಗಳನ್ನೇ ಲಿನಕ್ಸ್ ಹಾಕಿ ರೆಮಿನಾ ಎಂಬ ರಿಮೋಟ್ ಡೆಸ್ಕ್‌ಟಾಪ್ ತಂತ್ರಾಂಶದ ಮೂಲಕ ಬಳಸಬಹುದು. ಕೊಳ್ಳುವುದಾದರೆ ಬಳಸಿದ ಡೆಲ್ ವೈಸ್ 5070 ಅಥವಾ ಎಚ್‌ಪಿ ಟಿ630. ಎರಡರಲ್ಲೂ ಸಾಮಾನ್ಯವಾಗಿ ಡಿಸ್‌ಪ್ಲೇಪೋರ್ಟ್ ಮಾತ್ರ ಇರುವುದರಿಂದ ಹಳೆಯ ವಿಜಿಎ ಮಾನಿಟರಿಗೆ ಕನ್ವರ್ಟರಿನ ಖರ್ಚು ಸೇರಿಸಿಕೊಳ್ಳಿ. ಕಚೇರಿ ಕೆಲಸಕ್ಕೆ ಒಬ್ಬರಿಗೆ 1 ಎಂಬಿಪಿಎಸ್ ಕೂಡ ಬೇಡ, ಗಿಗಾಬಿಟ್ ಸ್ವಿಚ್ ಧಾರಾಳ. ಯೂಟ್ಯೂಬ್, ವಿಡಿಯೋ ಮೀಟಿಂಗ್ ಮಾತ್ರ ಸರ್ವರಿನಲ್ಲಿ ನಡೆಸಬೇಡಿ, ಗ್ರಾಫಿಕ್ಸ್ ಕಾರ್ಡ್ ಇಲ್ಲದ ಸರ್ವರಿನ ಪ್ರೊಸೆಸರನ್ನು ಅವು ನುಂಗಿಬಿಡುತ್ತವೆ. ಅದಕ್ಕೆ ಮೊಬೈಲೋ ಒಂದು ಬೇರೆ ಪಿಸಿಯೋ ಇರಲಿ.

ಕನ್ನಡ, ಮಲಯಾಳಂ ಟೈಪಿಂಗ್ ಸರಿಯಾಗಿ ಬರುತ್ತದೆಯೇ?

ಬರುತ್ತದೆ. ನುಡಿ, ಬರಹ ತಂತ್ರಾಂಶಗಳಲ್ಲಿ ಯಾವುದೇ ಆಗಲಿ ಸರ್ವರಿನ ಸೆಷನ್ನಿನೊಳಗೆ ಇರಲಿ, ಥಿನ್ ಕ್ಲೈಂಟಿನ ಕೀಬೋರ್ಡ್ ಇಂಗ್ಲಿಷ್ ಯುಎಸ್ ಆಗಿಯೇ ಇರಲಿ. ಎರಡೂ ಕಡೆ ಕನ್ನಡ ಇಟ್ಟರೆ ಅಕ್ಷರಗಳು ಕಲಸಿಹೋಗುತ್ತವೆ. ಲಿನಕ್ಸಿನಲ್ಲಿ ಐಬಸ್-ಎಂ17ಎನ್ ಎಂಬ ಟೈಪಿಂಗ್ ತಂತ್ರಾಂಶ ಹಾಕಿದರೆ ಕೆಜಿಪಿ (ಕಗಪ) ಕೀಬೋರ್ಡ್ ವಿನ್ಯಾಸ ಸಿಗುತ್ತದೆ, ಕನ್ನಡ ಮಲಯಾಳಂ ಎರಡಕ್ಕೂ ಇನ್‌ಸ್ಕ್ರಿಪ್ಟ್ ಉಂಟು. ಹಳೆಯ ಯೂನಿಕೋಡ್ ಅಲ್ಲದ ಫಾಂಟಿನ ಕಡತಗಳಿದ್ದರೆ ಆ ಫಾಂಟುಗಳನ್ನು ಎಲ್ಲ ಬಳಕೆದಾರರಿಗೂ ಸಿಗುವಂತೆ ಸರ್ವರಿನಲ್ಲಿ ಸ್ಥಾಪಿಸಿ, ಒಬ್ಬರ ಪ್ರೊಫೈಲಿನಲ್ಲಿ ಅಲ್ಲ.

ಪಾಸ್‌ಬುಕ್ ಪ್ರಿಂಟರ್, ಡಿಎಸ್‌ಸಿ (ಡಿಜಿಟಲ್ ಸಹಿ) ಟೋಕನ್, ಬೆರಳಗುರುತಿನ ಯಂತ್ರ?

ಕೊಟೇಶನ್ನಿನಲ್ಲಿ ಯಾರೂ ಬರೆಯದ, ಆದರೆ ಮೊದಲ ವಾರವೇ ತಲೆನೋವಾಗುವ ವಿಷಯ. ಲೇಸರ್ ಪ್ರಿಂಟರ್ ನೆಟ್‌ವರ್ಕಿನದ್ದಾದರೆ ತೊಂದರೆ ಇಲ್ಲ. ಪಾಸ್‌ಬುಕ್ ಮತ್ತು ಡಾಟ್ ಮ್ಯಾಟ್ರಿಕ್ಸ್ ಪ್ರಿಂಟರಿನ ಡ್ರೈವರನ್ನು ಸರ್ವರಿನಲ್ಲೂ ಹಾಕಿ, ಕಾಗದದ ಅಳತೆಯನ್ನು ಸರ್ವರಿನಲ್ಲಿಯೇ ನಿಗದಿ ಮಾಡಿ. ಇಲ್ಲವಾದರೆ ಸಾಲುಗಳು ಪಾಸ್‌ಬುಕ್ಕಿನ ಗೆರೆಗೆ ಕೂರುವುದಿಲ್ಲ.

ಡಿಎಸ್‌ಸಿ ಟೋಕನ್ ಕಥೆ ಬೇರೆ. ತೆರಿಗೆ ಪೋರ್ಟಲ್ಲುಗಳ ಸಹಿ ತಂತ್ರಾಂಶ ಯಂತ್ರದ ಒಂದು ನಿಗದಿತ ಪೋರ್ಟಿನಲ್ಲಿ ಕಿವಿಗೊಟ್ಟು ಕೂತಿರುತ್ತದೆ. ಒಂದೇ ಸರ್ವರಿನಲ್ಲಿ ಇಬ್ಬರು ಅದನ್ನು ತೆರೆದರೆ ಎರಡನೆಯವರಿಗೆ ಪೋರ್ಟ್ ಸಿಗದೆ ಸಹಿ ಆಗುವುದಿಲ್ಲ. ಆಧಾರ್ ಬೆರಳಗುರುತಿನ ಸಾಧನಗಳೂ ಇದೇ ಬಗೆಯವು. ಇವಕ್ಕೆಂದು ಒಂದೆರಡು ನಿಜವಾದ ಪಿಸಿಗಳನ್ನು ಉಳಿಸಿಕೊಳ್ಳಿ.

ಬ್ಯಾಕಪ್?

ರೇಡ್ ಎಂದರೆ ಬ್ಯಾಕಪ್ ಅಲ್ಲ. ಬಿಡುವಾದ ಒಂದು ಹಳೆಯ ಪಿಸಿಗೆ 4 ಟಿಬಿಯ ಎರಡು ಹಾರ್ಡ್ ಡಿಸ್ಕ್ ಹಾಕಿ ಪ್ರಾಕ್ಸ್‌ಮಾಕ್ಸ್ ಬ್ಯಾಕಪ್ ಸರ್ವರ್ ಮಾಡಿ, ಸಾಧ್ಯವಾದರೆ ಬೇರೆ ಕಟ್ಟಡದಲ್ಲಿ. ಮೊದಲ ಬಾರಿ ಪೂರ್ತಿ ನಕಲಾಗಿ ಆಮೇಲೆ ಬದಲಾದ ಭಾಗ ಮಾತ್ರ ಹೋಗುವುದರಿಂದ ರಾತ್ರಿಯಲ್ಲಿ ಬೇಗ ಮುಗಿಯುತ್ತದೆ. ಮೇಲಿಂದ ವಾರಕ್ಕೊಮ್ಮೆ ಬಾಹ್ಯ ಡಿಸ್ಕಿಗೆ ತೆಗೆದು ಬಿಚ್ಚಿ ಬೀರುವಿನಲ್ಲಿಡಿ, ರ‍್ಯಾನ್ಸಮ್‌ವೇರಿಗೂ ಸಿಡಿಲಿಗೂ ಸಿಗದ ಪ್ರತಿ ಅದೊಂದೇ. ತಿಂಗಳಿಗೊಮ್ಮೆ ಒಂದು ವಿಎಂ ಮರಳಿ ತೆರೆದು ಟ್ಯಾಲಿಯ ಡೇಟಾ ಓಪನ್ ಆಗುತ್ತದೆಯೇ ನೋಡಿ.

ಮನೆಯಿಂದ ಕೆಲಸ ಮಾಡಲು ರಿಮೋಟ್ ಡೆಸ್ಕ್‌ಟಾಪಿನ 3389 ಪೋರ್ಟನ್ನು ರೂಟರಿನಲ್ಲಿ ತೆರೆಯಬೇಡಿ. ವೈರ್‌ಗಾರ್ಡ್ ವಿಪಿಎನ್ ಮೂಲಕ ಮಾತ್ರ ಬನ್ನಿ.

ಎರಡು ಸರ್ವರ್ ಹಾಕಿ ಕ್ಲಸ್ಟರ್ ಮಾಡಿದರೆ ನಿಲ್ಲುವುದೇ ಇಲ್ಲವಲ್ಲ?

ಪ್ರಾಕ್ಸ್‌ಮಾಕ್ಸ್ ಕ್ಲಸ್ಟರಿಗೆ ಬಹುಮತ ಬೇಕು. ಎರಡರಲ್ಲಿ ಒಂದು ಸತ್ತರೆ ಉಳಿದದ್ದಕ್ಕೆ ಬಹುಮತ ಇಲ್ಲದೆ ಅದೂ ಹೊಸ ವಿಎಂ ಎಬ್ಬಿಸಲು ಒಪ್ಪದು. ಮೂರನೆಯ ಮತಕ್ಕೆ ಸಣ್ಣ ಯಂತ್ರ ಇಡಬಹುದು, ಆದರೆ ಕಡಿಮೆ ಬಜೆಟ್ಟಿನಲ್ಲಿ ಆ ಜಂಜಾಟ ಬೇಡ. ಅದೇ ಮಾದರಿಯ ಇನ್ನೊಂದು ಅಗ್ಗದ ವರ್ಕ್‌ಸ್ಟೇಶನ್ ಕೊಂಡು ಪ್ರಾಕ್ಸ್‌ಮಾಕ್ಸ್ ಹಾಕಿ ಬದಿಗಿಡಿ. ಮೊದಲನೆಯದು ಕೆಟ್ಟ ದಿನ ಬ್ಯಾಕಪ್ಪಿನಿಂದ ಮರಳಿ ತೆರೆದರೆ ಮಧ್ಯಾಹ್ನದೊಳಗೆ ಕಚೇರಿ ನಡೆಯುತ್ತದೆ. ಪವರ್ ಸಪ್ಲೈ, ರ‍್ಯಾಮ್ ಎಲ್ಲಕ್ಕೂ ಅದೇ ಬಿಡಿಭಾಗದ ಭಂಡಾರ.

ಎಲ್ಲ ಹಾಕಿದ ಮೇಲೂ ನಿಧಾನ. ಎಲ್ಲಿಂದ ಹುಡುಕುವುದು?

ಮೊದಲು ಪ್ರಾಕ್ಸ್‌ಮಾಕ್ಸಿನ ಸಮ್ಮರಿ ಪುಟದಲ್ಲಿ ಐಒ ಡಿಲೇ (ಡಿಸ್ಕಿಗಾಗಿ ಕಾದ ಸಮಯ) ನೋಡಿ. ದಿನವಿಡೀ ಶೇಕಡಾ 5ರ ಮೇಲಿದ್ದರೆ ಡಿಸ್ಕೇ ಕಾರಣ. ಅದು ಸರಿಯಿದ್ದರೆ ವಿಎಂನ ಡಿಸ್ಕ್ ಮತ್ತು ನೆಟ್‌ವರ್ಕ್ ಎರಡೂ ವರ್ಟ್‌ಐಒ (ವಿಎಂಗೆಂದೇ ಮಾಡಿದ ವೇಗದ ಬಗೆ) ಆಗಿವೆಯೇ ನೋಡಿ. ವಿಂಡೋಸಿಗೆ ಆ ಡ್ರೈವರನ್ನು ಬೇರೆಯಾಗಿ ಹಾಕಬೇಕು, ಮರೆತರೆ ಹಳೆಯ ಐಡಿಇ ರೀತಿಯಲ್ಲಿ ಓಡುತ್ತದೆ. ವಿಂಡೋಸ್ ವಿಎಂಗೆ ಸಿಪಿಯು ಬಗೆ ‘ಹೋಸ್ಟ್’ ಎಂದಿಟ್ಟಿದ್ದರೆ ಬದಲಿಸಿ ‘ಎಕ್ಸ್86-64-ವಿ2-ಎಇಎಸ್’ ಹಾಕಿ ನೋಡಿ. ‘ಹೋಸ್ಟ್’ ಇದ್ದಾಗ ವಿಂಡೋಸ್ ತನ್ನ ಒಳಗಿನ ವರ್ಚುವಲೈಸೇಶನ್ ರಕ್ಷಣೆಯನ್ನು ಚಾಲೂ ಮಾಡಿಕೊಂಡು ಭಾರವಾಗುವುದುಂಟು.

ಬಯೋಸಿನಲ್ಲಿ ಪವರ್ ಪ್ರೊಫೈಲ್ ‘ಪರ್ಫಾರ್ಮೆನ್ಸ್’ ಇರಲಿ. ಮಿತವ್ಯಯದ ಮೋಡಿನಲ್ಲಿ ಪ್ರೊಸೆಸರ್ ಟರ್ಬೋಗೆ ಏರದೇ ಇರಬಹುದು. ಡಿಫೆಂಡರ್ ಸ್ಕ್ಯಾನ್, ವಿಂಡೋಸ್ ಅಪ್‌ಡೇಟ್ ಎಲ್ಲ ವಿಎಂಗಳಲ್ಲಿ ಒಂದೇ ಹೊತ್ತಿಗೆ ಬಾರದಂತೆ ಸಮಯ ಹಂಚಿ. ವಿಎಂಗಳು ಒಟ್ಟಿಗೇ ಎದ್ದು ನಿಲ್ಲದಂತೆ ಸ್ಟಾರ್ಟ್ ಆರ್ಡರಿನಲ್ಲಿ ತಲಾ 30 ಸೆಕೆಂಡು ಅಂತರ ಕೊಡಿ. ಎಲ್‌ವಿಎಂ-ಥಿನ್ (ವಿಎಂಗಳಿಗೆ ಡಿಸ್ಕ್ ಜಾಗವನ್ನು ಒಂದು ಪೂಲಿನಿಂದ ಬೇಕಾದಷ್ಟೇ ಕೊಡುತ್ತಾ ಹೋಗುವ ಪದ್ಧತಿ) ಬಳಸುತ್ತಿದ್ದರೆ ಪೂಲ್ ಎಷ್ಟು ತುಂಬಿದೆ ಎಂದು ವಾರಕ್ಕೊಮ್ಮೆ ನೋಡಿ. ಅದು ನೂರು ಮುಟ್ಟಿದ ಕ್ಷಣ ವಿಎಂಗಳ ಡಿಸ್ಕ್ ಬರಹ ನಿಂತು ಫೈಲ್ ಸಿಸ್ಟಮ್ ಕೆಡಬಹುದು. ಡಿಸ್ಕಿನ ಸೆಟ್ಟಿಂಗಿನಲ್ಲಿ ‘ಡಿಸ್ಕಾರ್ಡ್’ ಗುರುತು ಹಾಕಿದರೆ ವಿಂಡೋಸ್ ಅಳಿಸಿದ ಜಾಗ ಪೂಲಿಗೆ ಮರಳುತ್ತದೆ.